ಕಾಯುವ ಪಟ್ಟಿಯೂ ಉಮೇದುವಾರನೂ

ಮಾರ್ಚ್ ತಿಂಗಳ ಕೊನೆಯ ವಾರವು ಬ್ಯಾಂಕಿನ ಕೆಲಸದಲ್ಲಿರುವವರಿಗೆ ವರ್ಷದ ಲೆಕ್ಕ ಮುಗಿಸುವ ವಾರ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಹೆಸರಾಂತ ಕಾಲೇಜುಗಳು ತಮ್ಮ ಪ್ರವೇಶದ ನಿರ್ಣಯಗಳನ್ನು ಪ್ರಕಟಿಸುವುದೂ ಬಹುಮಟ್ಟಿಗೆ ಅದೇ ವಾರದಲ್ಲಿ. ಈ ಎರಡು ಸಂಗತಿಗಳಿಗೆ ಯಾವ ಸಂಬಂಧವೂ ಇಲ್ಲ. ಆದರೆ ೨೦೨೩ರ ಮಾರ್ಚ್ ಕೊನೆಯಲ್ಲಿ ಅವೆರಡೂ ನನ್ನ ಪಾಲಿಗೆ ಒಂದೇ ರಾತ್ರಿ ಕೂಡಿ ಬಂದವು. ಲೆಕ್ಕದ ಕಾಗದಗಳ ನಡುವೆ ಕುಳಿತಿದ್ದಾಗ ಡೊಂಬಿವಲಿಯಿಂದ ನನ್ನ ತಂಗಿಯ ಗಂಡನ ಕರೆ ಬಂತು. ಮಗಳು ನಾಲ್ಕು ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ಎರಡು ಬೇಡವೆಂದಿದ್ದವು, ಒಂದು ಬಾ ಎಂದು ಕರೆದಿತ್ತು, ಅವಳು ಎಲ್ಲಕ್ಕಿಂತ ಹೆಚ್ಚಾಗಿ ಬಯಸಿದ್ದ ನಾಲ್ಕನೆಯದು ಹೌದೆಂದೂ ಹೇಳದೆ, ಅಲ್ಲವೆಂದೂ ಹೇಳದೆ, ಕಾಯುವವರ ಪಟ್ಟಿಯಲ್ಲಿ ಅವಳ ಹೆಸರನ್ನು ಇರಿಸಬಹುದಾಗಿ ತಿಳಿಸಿತ್ತು. "ಭಾವನವರೆ, ವೇಟಿಂಗ್ ಲಿಸ್ಟು ಎಂದಿದೆ, ನಂಬರು ಮಾತ್ರ ಎಲ್ಲಿಯೂ ಬರೆದಿಲ್ಲ" ಎಂದರು ಅವರು.

ಆ ಒಂದು ಮಾತಿನಲ್ಲಿಯೇ ನಮ್ಮವರ ತಪ್ಪು ತಿಳಿವಳಿಕೆಯೆಲ್ಲ ಅಡಗಿದೆಯೆಂದು ನನಗೆ ಆಮೇಲೆ ತೋರಿತು. ಹೊರನಾಡಿನಲ್ಲಿ ನೆಲಸಿದ ನಮ್ಮ ಅನೇಕ ಕುಟುಂಬಗಳಲ್ಲಿ ಇಂದು ಮಕ್ಕಳು ಪದವಿಯ ಮೊದಲ ಮೆಟ್ಟಿಲಿಗೇ ಅಮೆರಿಕದ ಕಾಲೇಜುಗಳತ್ತ ನೋಡುತ್ತಿದ್ದಾರೆ. ಅದು ಸರಿಯೇ ತಪ್ಪೇ ಎಂಬ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಹೋಗಬೇಕೆಂದಿರುವವರು ಆ ದೇಶದ ಪದ್ಧತಿಯನ್ನು ಅದರದೇ ನೆಲೆಯಲ್ಲಿ ತಿಳಿದಿರಬೇಕೆಂಬುದಷ್ಟೆ ಈ ಲೇಖನದ ಉದ್ದೇಶ.

೧. ಪಾಳಿಯಿಲ್ಲದ ಪಟ್ಟಿ

ಕಾಯುವ ಪಟ್ಟಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ರೈಲಿನ ಟಿಕೆಟ್ಟು. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಸಂಖ್ಯೆಯುಂಟು. ಮುಂದಿನವರು ಟಿಕೆಟ್ಟು ರದ್ದುಮಾಡಿದಷ್ಟೂ ಹಿಂದಿನವನ ಸಂಖ್ಯೆ ಕಿರಿದಾಗುತ್ತ ಬರುತ್ತದೆ. ನಮ್ಮ ಕಾಲೇಜುಗಳಲ್ಲಿ ಅಂಕಗಳ ಇಳಿಕೆಯ ಕ್ರಮದಲ್ಲಿ ಪ್ರಕಟವಾಗುವ ಮೊದಲ ಪಟ್ಟಿ, ಎರಡನೆಯ ಪಟ್ಟಿ, ಮೂರನೆಯ ಪಟ್ಟಿಗಳ ತತ್ವವೂ ಇದೇ. ಉತ್ತರ ಕರ್ನಾಟಕದ ಮಾತಿನಲ್ಲಿ ಹೇಳುವುದಾದರೆ ಇವೆಲ್ಲ 'ಪಾಳಿ'ಯ ವ್ಯವಸ್ಥೆಗಳು. ಪಾಳಿ ಬಂದವನಿಗೆ ಸ್ಥಳ ದೊರೆಯುತ್ತದೆ. ಬಾರದವನು ಸುಮ್ಮನೆ ಕಾಯಬೇಕು. ಪಾಳಿಯಲ್ಲಿ ನಿಂತವನ ಪ್ರಯತ್ನದಿಂದ ಪಾಳಿ ಬದಲಾಗುವುದಿಲ್ಲ. ಬದಲಾದರೆ ಅದನ್ನು ನಾವು ಅನ್ಯಾಯವೆನ್ನುತ್ತೇವೆ.

ಅಮೆರಿಕದ ಆಯ್ಕೆಬಿಗಿಯಾದ ಕಾಲೇಜುಗಳ ಪಟ್ಟಿಗೆ ಬಹುಮಟ್ಟಿಗೆ ಇಂಥ ಪಾಳಿಯೇ ಇಲ್ಲ. ಪಟ್ಟಿಯಲ್ಲಿರುವ ಹೆಸರುಗಳಿಗೆ ಮೇಲು ಕೆಳಗೆಂಬ ಅನುಕ್ರಮ ಕೊಡುವ ಸಂಸ್ಥೆಗಳು ಕೆಲವುಂಟು, ಹೆಚ್ಚಿನವು ಕೊಡುವುದಿಲ್ಲ. ಅವುಗಳ ಪಾಲಿಗೆ ಇದು ಸಾಲು ಅಲ್ಲ, ಒಂದು ಕಣಜ. ಯಾವ ಕಾಳು ಕಡಿಮೆ ಬಿತ್ತೋ ಆ ಕಾಳನ್ನು ಅದರಿಂದ ತೆಗೆದುಕೊಳ್ಳುತ್ತಾರೆ. ಮೇ ತಿಂಗಳಲ್ಲಿ ನೋಡಿದಾಗ ಇಂಜಿನಿಯರಿಂಗ್ ವಿಭಾಗ ತುಂಬಿ, ಪ್ರಾಚೀನ ಭಾಷೆಗಳ ವಿಭಾಗ ಬರಿದಾಗಿದ್ದರೆ, ಪ್ರಾಚೀನ ಭಾಷೆಗಳನ್ನು ಓದಬೇಕೆಂದವನಿಗೆ ಕರೆ ಹೋದೀತು; ಅಂಕಗಳಲ್ಲಿ ಅವನಿಗಿಂತ ಮುಂದಿರುವ ಇಂಜಿನಿಯರಿಂಗ್ ಆಕಾಂಕ್ಷಿಗೆ ಹೋಗಲಾರದು. ವಾದ್ಯವೃಂದದಲ್ಲಿ ಒಂದು ವಾದ್ಯಕ್ಕೆ ಜನವಿಲ್ಲದಿರಬಹುದು. ದೇಶದ ಯಾವುದೋ ಒಂದು ಭಾಗದಿಂದ ಯಾರೂ ಬಾರದಿರಬಹುದು. ಪೂರ್ಣ ಶುಲ್ಕ ಕೊಡಬಲ್ಲವರು ಕಡಿಮೆಯಾಗಿರಬಹುದು. ಆದುದರಿಂದ "ನಮ್ಮ ನಂಬರು ಎಷ್ಟು?" ಎಂಬ ಪ್ರಶ್ನೆಗೆ ಉತ್ತರವಿಲ್ಲ. "ಅವರಲ್ಲಿ ತೆರವಾಗಬಹುದಾದ ಸ್ಥಳಕ್ಕೆ ನಮ್ಮ ಹುಡುಗಿ ಒಪ್ಪುವಳೆ?" ಎಂಬುದೇ ಸರಿಯಾದ ಪ್ರಶ್ನೆ.

೨. ಪಟ್ಟಿ ಏಕಿದೆ?

ಈ ಪಟ್ಟಿ ಹುಟ್ಟಿದ್ದು ವಿದ್ಯಾರ್ಥಿಗಳ ಮೇಲಿನ ಕರುಣೆಯಿಂದಲ್ಲ. ಕಾಲೇಜಿನ ಲೆಕ್ಕದ ಅನಿವಾರ್ಯತೆಯಿಂದ. ಇದನ್ನು ಅರಿಯಲು ಬ್ಯಾಂಕಿನವರಿಗೆ ಕಷ್ಟವಿಲ್ಲ. ಮಂಜೂರಾದ ಸಾಲವೆಲ್ಲವನ್ನೂ ಎಲ್ಲರೂ ಎತ್ತುವುದಿಲ್ಲ. ಇಟ್ಟ ಠೇವಣಿಯೆಲ್ಲವನ್ನೂ ಎಲ್ಲರೂ ಒಂದೇ ದಿನ ಹಿಂದಕ್ಕೆ ಕೇಳುವುದಿಲ್ಲ. ಎಷ್ಟು ಜನ ಬಂದಾರು ಎಂಬ ಅಂದಾಜಿನ ಮೇಲೆಯೇ ನಮ್ಮ ವ್ಯವಹಾರವೆಲ್ಲ ನಿಂತಿದೆ. ಅಂದಾಜು ತಪ್ಪಿದಾಗ ಕೈಹಿಡಿಯಲೆಂದು ಮೀಸಲು ನಿಧಿಯನ್ನು ಇಟ್ಟಿರುತ್ತೇವೆ.

ಕಾಲೇಜಿನ ಸ್ಥಿತಿಯೂ ಅಷ್ಟೆ. ಒಬ್ಬ ವಿದ್ಯಾರ್ಥಿ ಹತ್ತು ಕಡೆ ಅರ್ಜಿ ಹಾಕಿ, ನಾಲ್ಕು ಕಡೆ ಕರೆ ಪಡೆದು, ಒಂದು ಕಡೆ ಸೇರುತ್ತಾನೆ. ಕರೆದವರಲ್ಲಿ ಬಂದು ಸೇರುವವರ ಪ್ರಮಾಣವನ್ನು ಅವರು 'ಯೀಲ್ಡ್' ಎನ್ನುತ್ತಾರೆ. ನಾವು ಅದನ್ನು 'ಇಳುವರಿ'ಯೆಂದರೆ ತಪ್ಪಾಗದು. ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು. ಒಂದು ಕಾಲೇಜಿಗೆ ಮೊದಲ ವರ್ಷಕ್ಕೆ ೧,೫೦೦ ವಿದ್ಯಾರ್ಥಿಗಳು ಬೇಕು. ಹಿಂದಿನ ಅನುಭವದ ಮೇಲೆ ಇಳುವರಿ ನೂರಕ್ಕೆ ೪೦ ಎಂದು ಎಣಿಸಿ ಅದು ೩,೭೫೦ ಜನರಿಗೆ ಕರೆ ಕಳುಹಿಸುತ್ತದೆ. ಇಳುವರಿ ೩೮ಕ್ಕೆ ಇಳಿದರೆ ಬರುವವರು ೧,೪೨೫. ಎಪ್ಪತ್ತೈದು ಹಾಸಿಗೆಗಳು ಬರಿದು, ಎಪ್ಪತ್ತೈದು ಶುಲ್ಕಗಳು ಖೋತಾ. ಆಗ ಕಾಯುವ ಪಟ್ಟಿ ತೆರೆಯುತ್ತದೆ. ಇಳುವರಿ ೪೨ಕ್ಕೆ ಏರಿದರೋ ಬರುವವರು ೧,೫೭೫. ವಸತಿಗೃಹದಲ್ಲಿ ಸ್ಥಳವೇ ಸಾಲದು. ಆಗ ಪಟ್ಟಿಯಿಂದ ಒಬ್ಬನಿಗೂ ಕರೆಯಿಲ್ಲ. ನೂರಕ್ಕೆ ಎರಡರ ಏರಿಳಿತ ಮಾತ್ರದಿಂದ ಎಪ್ಪತ್ತೈದು ಜನರ ಭಾಗ್ಯ ತೆರೆಯಬಹುದು ಅಥವಾ ಮುಚ್ಚಬಹುದು. ಆ ಏರಿಳಿತವು ವಿದ್ಯಾರ್ಥಿಯ ಯೋಗ್ಯತೆಯನ್ನು ಅವಲಂಬಿಸಿಲ್ಲವೆಂಬುದನ್ನು ತಂದೆತಾಯಿಗಳು ಮೊದಲು ಮನಗಾಣಬೇಕು.

ವರ್ಷದಿಂದ ವರ್ಷಕ್ಕೆ ಈ ಅಂದಾಜು ಬಹಳ ತಪ್ಪುವುದೂ ಉಂಟು. ೨೦೨೦ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಅನೇಕ ವಿದ್ಯಾರ್ಥಿಗಳು ಒಂದು ವರ್ಷ ತಡೆದು ಬರುವೆವೆಂದಾಗ ಕಾಲೇಜುಗಳು ಎಂದಿಗಿಂತ ಹೆಚ್ಚಾಗಿ ಪಟ್ಟಿಯನ್ನು ನೆಚ್ಚಬೇಕಾಯಿತು. ೨೦೨೪ರಲ್ಲಿ ಆ ದೇಶದ ಸರಕಾರದ ವಿದ್ಯಾರ್ಥಿ ನೆರವಿನ ಅರ್ಜಿಯ ಹೊಸ ಪದ್ಧತಿಯಲ್ಲಿ ತೊಡಕುಗಳುಂಟಾಗಿ, ಹಲವು ಕಾಲೇಜುಗಳು ಉತ್ತರ ಕೊಡುವ ಕೊನೆಯ ದಿನವನ್ನು ಮೇ ೧ರಿಂದ ಮುಂದೂಡಿದವು. ಪಟ್ಟಿಯ ಚಲನೆಯೂ ಅದಕ್ಕೆ ತಕ್ಕಂತೆ ತಡವಾಯಿತು.

೩. ಅಂಕಿಗಳು ಹೇಳುವುದೇನು?

ಅಮೆರಿಕದ ಪ್ರವೇಶಾಧಿಕಾರಿಗಳ ಮತ್ತು ಶಾಲೆಗಳ ಸಲಹೆಗಾರರ ರಾಷ್ಟ್ರೀಯ ಸಂಘವೊಂದಿದೆ. ನ್ಯಾಕಾಕ್ ಎಂಬುದು ಅದರ ಸಂಕ್ಷೇಪನಾಮ. ಆ ಸಂಘವು ೨೦೧೯ರಲ್ಲಿ ಪ್ರಕಟಿಸಿದ ವರದಿಯಂತೆ, ೨೦೧೮ರ ಪ್ರವೇಶದಲ್ಲಿ ಕಾಯುವ ಪಟ್ಟಿಯನ್ನು ಬಳಸಿದ ಸಂಸ್ಥೆಗಳು ನೂರಕ್ಕೆ ೪೩. ಪಟ್ಟಿಯಲ್ಲಿ ಉಳಿಯಲು ಒಪ್ಪಿದವರಲ್ಲಿ ಸರಾಸರಿ ನೂರಕ್ಕೆ ೨೦ ಜನರಿಗೆ ಸ್ಥಳ ದೊರೆಯಿತು. ಆಯ್ಕೆ ಬಹಳ ಬಿಗಿಯಾದ ಕಾಲೇಜುಗಳಲ್ಲಿ ಮಾತ್ರ ಇದು ನೂರಕ್ಕೆ ೭ರಷ್ಟಿತ್ತು. ಅಂದರೆ ನೂರರಲ್ಲಿ ತೊಂಬತ್ತಮೂರು ಜನ ಬೇರೆ ಕಡೆ ಹೋಗಬೇಕಾಯಿತು. ಮಿಷಿಗನ್ ವಿಶ್ವವಿದ್ಯಾಲಯದಂಥ ದೊಡ್ಡ ಸಂಸ್ಥೆಯು ಕೆಲವು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಅರ್ಜಿದಾರರಿಗೆ ಪಟ್ಟಿಯಲ್ಲಿ ಸ್ಥಳ ನೀಡಿದುದುಂಟು. ಪಟ್ಟಿಯಲ್ಲಿ ಹೆಸರು ಬಂದುದನ್ನೇ ಅರ್ಧ ಪ್ರವೇಶವೆಂದು ಭಾವಿಸುವವರು ಈ ಸಂಖ್ಯೆಯನ್ನು ನೆನೆಯಬೇಕು.

ಇಂಥ ಸರಾಸರಿಗಿಂತ ಹೆಚ್ಚು ಉಪಯುಕ್ತವಾದುದು ಆಯಾ ಕಾಲೇಜಿನ ಸ್ವಂತ ಲೆಕ್ಕ. 'ಕಾಮನ್ ಡೇಟಾ ಸೆಟ್' ಎಂಬ ಹೆಸರಿನ ಒಂದು ಸಮಾನ ನಮೂನೆಯಲ್ಲಿ ಅನೇಕ ಕಾಲೇಜುಗಳು ಪ್ರತಿವರ್ಷ ತಮ್ಮ ಅಂಕಿಅಂಶಗಳನ್ನು ಪ್ರಕಟಿಸುತ್ತವೆ. ಅದರ 'ಸಿ' ವಿಭಾಗದ ಎರಡನೆಯ ಪ್ರಶ್ನೆ ಕಾಯುವ ಪಟ್ಟಿಯನ್ನು ಕುರಿತದ್ದು. ಎಷ್ಟು ಜನರಿಗೆ ಪಟ್ಟಿಯಲ್ಲಿ ಸ್ಥಳ ನೀಡಲಾಯಿತು, ಎಷ್ಟು ಜನ ಒಪ್ಪಿದರು, ಎಷ್ಟು ಜನರಿಗೆ ಕೊನೆಗೆ ಪ್ರವೇಶ ದೊರೆಯಿತು ಎಂಬ ಮೂರು ಸಂಖ್ಯೆಗಳು ಅಲ್ಲಿರುತ್ತವೆ. ಒಂದು ವರ್ಷದ ಸಂಖ್ಯೆಯನ್ನು ನೋಡಿ ನಿಶ್ಚಯಕ್ಕೆ ಬರಬಾರದು. ಐದು ವರ್ಷಗಳದನ್ನು ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು. ಒಂದು ವರ್ಷ ಸೊನ್ನೆ, ಇನ್ನೊಂದು ವರ್ಷ ನೂರಾರು ಎಂದು ಬರೆದ ಸಾಲುಗಳನ್ನು ಕಂಡಾಗ, ಇದು ಮಳೆಯ ಲೆಕ್ಕದಂತೆ ಎಂಬುದು ತಾನಾಗಿ ಹೊಳೆಯುತ್ತದೆ. ರೈತನು ಮಳೆಯನ್ನು ತರಿಸಲಾರ. ಆದರೆ ಬಂದಾಗ ಹೊಲ ಹಸನಾಗಿರುವಂತೆ ನೋಡಿಕೊಳ್ಳಬಲ್ಲ.

೪. ಮೊದಲ ಕರ್ತವ್ಯಗಳು

ಹೊಲವನ್ನು ಹಸನುಮಾಡುವ ಕೆಲಸದಲ್ಲಿ ಮೊದಲನೆಯದು, ಪಟ್ಟಿಯಲ್ಲಿ ಉಳಿಯಲು ಒಪ್ಪಿಗೆಯನ್ನು ಕೊಡುವುದು. ಇದು ಬಹು ಸಣ್ಣ ಮಾತೆಂದು ತೋರಬಹುದು. ಆದರೆ ಹೆಚ್ಚಿನ ಕಾಲೇಜುಗಳಲ್ಲಿ ಈ ಸ್ಥಳ ತಾನಾಗಿ ಒದಗುವುದಿಲ್ಲ. ನಿಗದಿಯಾದ ದಿನದೊಳಗೆ ವಿದ್ಯಾರ್ಥಿಯೇ "ಉಳಿಯುತ್ತೇನೆ" ಎಂದು ತಿಳಿಸಬೇಕು. ಮೇಲೆ ಹೇಳಿದ ವರದಿಯಂತೆ ಪಟ್ಟಿಗೆ ಸೇರಿದವರಲ್ಲಿ ಸರಾಸರಿ ಅರ್ಧದಷ್ಟು ಜನ ಮಾತ್ರ ಹಾಗೆ ಉಳಿಯುತ್ತಾರೆ.

ಎರಡನೆಯದು, ಕರೆದ ಕಾಲೇಜುಗಳಲ್ಲಿ ಒಂದನ್ನು ಆರಿಸಿ ಅಲ್ಲಿಯ ಮುಂಗಡವನ್ನು ಕಟ್ಟುವುದು. ವಾಡಿಕೆಯಂತೆ ಇದಕ್ಕೆ ಮೇ ೧ ಕೊನೆಯ ದಿನ. ಒಂದು ಕಡೆ ಮುಂಗಡ ಕಟ್ಟಿ ಇನ್ನೊಂದು ಕಡೆ ಕಾಯುವ ಪಟ್ಟಿಯಲ್ಲಿ ಇರುವುದು ಅಲ್ಲಿಯ ನಿಯಮಕ್ಕೆ ವಿರುದ್ಧವಲ್ಲ. ಎರಡು ಕಾಲೇಜುಗಳಿಗೆ ಮುಂಗಡ ಕಟ್ಟುವುದು ವಿರುದ್ಧ. ಕಾಯುವ ಪಟ್ಟಿಯ ಆಸೆಯಿಂದ ಕೈಯಲ್ಲಿದ್ದ ಸ್ಥಳವನ್ನು ಬಿಟ್ಟುಕೊಟ್ಟವನು ಎರಡನ್ನೂ ಕಳೆದುಕೊಂಡಾನು. ಪಟ್ಟಿಯಿಂದ ಕರೆ ಬಂದರೆ ಮೊದಲು ಕಟ್ಟಿದ ಹಣ ಸಾಮಾನ್ಯವಾಗಿ ಹಿಂದಕ್ಕೆ ಬಾರದು. ಅದನ್ನು ವಿಮೆಯ ಕಂತೆಂದು ತಿಳಿಯಬೇಕು. ಇಲ್ಲಿ ವ್ಯವಹಾರದ ಒಂದು ಸೂಕ್ಷ್ಮವನ್ನು ಹೇಳಬೇಕು. ಮೇ ೧ ಮುಂಬಯಿ, ಪುಣೆಗಳಲ್ಲಿ ಮಹಾರಾಷ್ಟ್ರ ದಿನ, ಬ್ಯಾಂಕುಗಳಿಗೆ ರಜೆ. ವಿದೇಶಕ್ಕೆ ಹಣ ತಲಪಲು ಕೆಲವು ದಿನಗಳು ಬೇಕು. ಏಪ್ರಿಲ್ ಮೂರನೆಯ ವಾರದಲ್ಲಿಯೇ ಈ ಕೆಲಸವನ್ನು ಮುಗಿಸುವುದು ಲೇಸು.

ಮೂರನೆಯದು, ಕಾಲೇಜು ಕಳುಹಿಸಿದ ಸೂಚನೆಯನ್ನು ಅಕ್ಷರಶಃ ಓದುವುದು. ಕೆಲವು ಕಾಲೇಜುಗಳು ಹೊಸ ಪತ್ರ, ಹೊಸ ಅಂಕಗಳನ್ನು ಸ್ವಾಗತಿಸುತ್ತವೆ. ಕೆಲವು ಒಂದು ಸಣ್ಣ ಚೌಕದಲ್ಲಿ ಕೆಲವೇ ಮಾತುಗಳನ್ನು ಬರೆಯಲು ಹೇಳುತ್ತವೆ. ಮತ್ತೆ ಕೆಲವು ಏನನ್ನೂ ಕಳುಹಿಸಬೇಡಿರೆಂದು ಸ್ಪಷ್ಟವಾಗಿ ತಿಳಿಸುತ್ತವೆ. ಬೇಡವೆಂದಲ್ಲಿ ಕಳುಹಿಸುವುದು ಉತ್ಸಾಹವಲ್ಲ, ಅವಿಧೇಯತೆ.

ನಾಲ್ಕನೆಯದು ನಮ್ಮ ದೇಶದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಅನ್ವಯಿಸುವ ಸಂಗತಿ. ಅಮೆರಿಕದ ನಿರ್ಣಯಗಳು ಮಾರ್ಚಿನಲ್ಲಿ ಹೊರಬೀಳುವಾಗ ನಮ್ಮ ಹನ್ನೆರಡನೆಯ ತರಗತಿಯ ಫಲಿತಾಂಶ ಇನ್ನೂ ಬಂದಿರುವುದಿಲ್ಲ. ಶಾಲೆಯವರು ಊಹಿಸಿ ಬರೆದ ಅಂಕಗಳ ಮೇಲೆಯೇ ಅವರು ತೀರ್ಮಾನಿಸಿರುತ್ತಾರೆ. ೨೦೨೫ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್ ೮ರಂದು, ಮಹಾರಾಷ್ಟ್ರದ ಎಚ್.ಎಸ್.ಸಿ. ಫಲಿತಾಂಶ ಮೇ ೫ರಂದು, ಕೇಂದ್ರೀಯ ಮಂಡಳಿಯ ಫಲಿತಾಂಶ ಮೇ ೧೩ರಂದು ಪ್ರಕಟವಾದವು. ಅಂದರೆ ಪಟ್ಟಿ ಚಲಿಸುವ ಕಾಲಕ್ಕೆ ಸರಿಯಾಗಿ ನಮ್ಮ ಮಕ್ಕಳ ಕೈಗೆ ಒಂದು ಹೊಸ ಸಾಕ್ಷ್ಯ ಬರುತ್ತದೆ. ಊಹಿಸಿದುದಕ್ಕಿಂತ ಅಂಕಗಳು ಮೇಲಾಗಿದ್ದರೆ ಶಾಲೆಯ ಮೂಲಕ ಅದೇ ದಿನ ಅವನ್ನು ಕಳುಹಿಸಬೇಕು. ಅಮೆರಿಕದ ಹುಡುಗನಿಗೆ ಇಂಥ ಅವಕಾಶ ಈ ಪ್ರಮಾಣದಲ್ಲಿ ಇಲ್ಲ. ಅಲ್ಲಿ ನಾಲ್ಕು ವರ್ಷಗಳ ಅಂಕಗಳು ಒಟ್ಟಾಗಿ ಎಣಿಕೆಗೆ ಬರುವುದರಿಂದ ಕೊನೆಯ ತಿಂಗಳುಗಳ ಫಲ ಲೆಕ್ಕವನ್ನು ಹೆಚ್ಚು ಬದಲಿಸಲಾರದು.

೫. ಪತ್ರ

ಕನ್ನಡದಲ್ಲಿ ಅಭ್ಯರ್ಥಿಗೆ 'ಉಮೇದುವಾರ' ಎಂಬ ಮಾತುಂಟು. ಪಾರಸಿಯ 'ಉಮೇದ್' ಎಂದರೆ ಆಶೆ, ಉಮೇದುವಾರನೆಂದರೆ ಆಶೆಯುಳ್ಳವನು. ನಮ್ಮ ಬಳಕೆಯಲ್ಲಿ 'ಉಮೇದು' ಎಂಬುದಕ್ಕೆ ಉತ್ಸಾಹವೆಂಬ ಅರ್ಥ ಬಂದಿದೆ. ಕಾಯುವ ಪಟ್ಟಿಯಲ್ಲಿರುವವನಿಗೆ ಈ ಎರಡೂ ಅರ್ಥಗಳು ಬೇಕು. ಅವನ ಆಶೆ ಅವನಿಗೆ ತಿಳಿದಿದೆ. ಅವನ ಉತ್ಸಾಹ ಕಾಲೇಜಿಗೆ ತಿಳಿಯಬೇಕು.

ಏಕೆಂದರೆ ಮೇ ತಿಂಗಳಲ್ಲಿ ಪಟ್ಟಿಯನ್ನು ತೆರೆಯುವ ಅಧಿಕಾರಿಗೆ ಬೇಕಾದುದು, ಕರೆದರೆ ಖಂಡಿತ ಬರುವವನು. ಕರೆ ಕಳುಹಿಸಿ, ಒಲ್ಲೆನೆನಿಸಿಕೊಂಡು, ಇನ್ನೊಬ್ಬನನ್ನು ಕರೆಯುವಷ್ಟು ಕಾಲ ಅವನಿಗಿಲ್ಲ. ಈ ಕಾರಣದಿಂದಲೇ ಪಟ್ಟಿಯಿಂದ ಬರುವ ಕರೆಗೆ ಕೆಲವೇ ದಿನಗಳಲ್ಲಿ ಉತ್ತರವನ್ನು ಕೇಳುತ್ತಾರೆ. ತನ್ನ ಆಸಕ್ತಿ ಇನ್ನೂ ಉಳಿದಿದೆಯೆಂದು ತಿಳಿಸುವ ಪತ್ರ ಈ ಸಂದೇಹವನ್ನು ನೀಗುವ ಸಾಧನ.

ಪತ್ರ ಒಂದು ಪುಟವನ್ನು ಮೀರಬಾರದು. ಮೊದಲು, ಪಟ್ಟಿಯಲ್ಲಿ ಸ್ಥಳವಿತ್ತುದಕ್ಕೆ ಒಂದು ಸಾಲಿನ ಕೃತಜ್ಞತೆ. ನಿರಾಶೆಯ ವರ್ಣನೆ ಬೇಡ. ತನಗೆ ಅನ್ಯಾಯವಾಯಿತೆಂಬ ಧ್ವನಿಯಂತೂ ಸರ್ವಥಾ ಬೇಡ. ಅನಂತರ, ಅರ್ಜಿ ಹಾಕಿದ ಮೇಲೆ ನಡೆದ ಹೊಸ ಸಂಗತಿಗಳು: ಮುಗಿಸಿದ ಕೆಲಸ, ಪಡೆದ ಅಂಕ, ವಹಿಸಿಕೊಂಡ ಹೊಣೆ. ಅರ್ಜಿಯಲ್ಲಿ ಬರೆದುದನ್ನೇ ಮತ್ತೆ ಬರೆದರೆ ಓದುವವನ ಕಾಲವನ್ನು ಕದ್ದಂತೆ. ಆಮೇಲೆ, ಆ ಕಾಲೇಜೇ ಏಕೆ ಎಂಬುದಕ್ಕೆ ಒಂದೆರಡು ನಿರ್ದಿಷ್ಟ ಕಾರಣಗಳು. ಹೆಸರು ಬದಲಿಸಿ ಮತ್ತೊಂದು ಕಾಲೇಜಿಗೆ ಕಳುಹಿಸಬಹುದಾದ ವಾಕ್ಯ ಪತ್ರದಲ್ಲಿ ಇದ್ದರೆ ಅದನ್ನು ಹೊಡೆದುಹಾಕಬೇಕು. ಕೊನೆಯಲ್ಲಿ, ನಿಜವಾಗಿದ್ದರೆ ಮಾತ್ರ, ಕರೆದರೆ ಬರುವೆನೆಂಬ ಮಾತು. ಈ ಮಾತನ್ನು ಒಂದೇ ಕಾಲೇಜಿಗೆ ಬರೆಯಬೇಕು.

ಪತ್ರವನ್ನು ವಿದ್ಯಾರ್ಥಿಯೇ ಬರೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ನಮ್ಮ ಮನೆಗಳಲ್ಲಿ ನಡೆಯುವುದನ್ನು ಬಲ್ಲೆನಾಗಿ ಹೇಳುತ್ತೇನೆ: ನಲವತ್ತೈದು ವರ್ಷದ ತಂದೆಯ ಇಂಗ್ಲಿಷು ಹದಿನೇಳು ವರ್ಷದ ಮಗಳ ಹೆಸರಿನಲ್ಲಿ ಹೋದರೆ ಅದು ಮೂರನೆಯ ಸಾಲಿನಲ್ಲಿಯೇ ಸಿಕ್ಕಿಬೀಳುತ್ತದೆ.

ಇನ್ನೊಂದು ಶಿಫಾರಸು ಪತ್ರವನ್ನು ಕಾಲೇಜು ಒಪ್ಪುವುದಾದರೆ, ಕೊನೆಯ ವರ್ಷದಲ್ಲಿ ಪಾಠ ಹೇಳಿದ, ಹೊಸದೇನನ್ನಾದರೂ ಹೇಳಬಲ್ಲ ಅಧ್ಯಾಪಕರೊಬ್ಬರಿಂದ ಅದನ್ನು ಬರೆಯಿಸಬೇಕು. ಮಂತ್ರಿಗಳ, ಉದ್ಯಮಪತಿಗಳ ಪತ್ರ ಪ್ರಯೋಜನಕ್ಕೆ ಬಾರದು. ಅವರಿಗೆ ಹುಡುಗಿಯ ಹೆಸರು ಗೊತ್ತಿರುವುದೇ ಪತ್ರಕ್ಕೆ ರುಜು ಹಾಕುವಾಗ.

೬. ಹಣದ ಪ್ರಶ್ನೆ

ನನ್ನ ತಂಗಿಯ ಮಗಳ ಕಥೆ ತೊಡಕಾದುದು ಈ ಘಟ್ಟದಲ್ಲಿ. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟಗಳ ವೆಚ್ಚ ವರ್ಷಕ್ಕೆ ೮೦,೦೦೦ ಡಾಲರನ್ನು ಮೀರುವುದು ಈಗ ಅಪರೂಪವಲ್ಲ. ಅರ್ಜಿದಾರನಿಗೆ ಹಣ ಬೇಕೇ ಬೇಡವೇ ಎಂಬುದನ್ನು ನೋಡದೆ ಆರಿಸುವುದನ್ನು ಅವರು 'ನೀಡ್ ಬ್ಲೈಂಡ್' ಪದ್ಧತಿಯೆನ್ನುತ್ತಾರೆ. ಆ ದೇಶದ ಪ್ರಜೆಗಳ ವಿಷಯದಲ್ಲಿ ಈ ಪದ್ಧತಿಯುಳ್ಳ ಕಾಲೇಜುಗಳು ಅನೇಕ. ಪರದೇಶದವರಿಗೂ ಅದನ್ನು ವಿಸ್ತರಿಸಿರುವವು ಕೆಲವೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂ.ಐ.ಟಿ., ಆಮ್‌ಹರ್ಸ್ಟ್‌ಗಳು ಹಿಂದಿನಿಂದ ಈ ಗುಂಪಿನಲ್ಲಿವೆ. ೨೦೨೨ರಲ್ಲಿ ಡಾರ್ಟ್‌ಮತ್ ಮತ್ತು ಬೌಡನ್ ಕಾಲೇಜುಗಳು ಸೇರಿಕೊಂಡವು. ಉಳಿದ ಬಹುತೇಕ ಕಾಲೇಜುಗಳಲ್ಲಿ ಪರದೇಶದ ವಿದ್ಯಾರ್ಥಿ ನೆರವು ಬೇಕೆಂದರೆ ಆ ಸಂಗತಿ ಆಯ್ಕೆಯ ತಕ್ಕಡಿಯಲ್ಲಿ ತೂಗುತ್ತದೆ. ಕಾಯುವ ಪಟ್ಟಿಯ ಘಟ್ಟದಲ್ಲಂತೂ ನೆರವಿನ ನಿಧಿ ಬಹುಮಟ್ಟಿಗೆ ಹಂಚಿಹೋಗಿರುವುದರಿಂದ ತೂಕ ಇನ್ನೂ ಹೆಚ್ಚು.

ಅವಳಿಗೆ ನೆರವು ಬೇಕಾಗಿತ್ತು. ತಂದೆ ಎಲ್ಲಿಂದಲೋ ಒಂದು ಮಾದರಿ ಪತ್ರವನ್ನು ತಂದಿದ್ದರು. ಅದರ ಕೊನೆಯ ಸಾಲು, "ಕರೆದರೆ ನಿಶ್ಚಯವಾಗಿ ಸೇರುತ್ತೇನೆ" ಎಂದಿತ್ತು. ಮಾದರಿಯಂತೆ ಬರೆದುಬಿಡು, ಕರೆ ಬಂದ ಮೇಲೆ ಹಣದ ಮಾತು ಎತ್ತೋಣವೆಂದು ಅವರ ಅಭಿಪ್ರಾಯ. ಅವಳು ನನ್ನ ಮುಂದೆ ಕುಳಿತು, "ಮಾವ, ಅವರು ನೆರವು ಕೊಡದಿದ್ದರೆ ನಾನು ಹೋಗಲಾರೆ. ಹಾಗಿರುವಾಗ ಇದು ಸುಳ್ಳಾಗುವುದಿಲ್ಲವೆ?" ಎಂದು ಕೇಳಿದಳು.

ಇಪ್ಪತ್ತು ವರ್ಷ ಸಾಲದ ಅರ್ಜಿಗಳನ್ನು ಓದಿದವನು ನಾನು. ತೀರಿಸಲಾಗದೆಂದು ಬಲ್ಲವನು ತೀರಿಸುವೆನೆಂದು ಬರೆದ ಅರ್ಜಿ ಎಂಥದೆಂಬುದನ್ನು ಆ ಹುಡುಗಿಗೆ ನಾನು ಬೇರೆಯಾಗಿ ವಿವರಿಸಬೇಕಾಗಿರಲಿಲ್ಲ. ಅವಳು ಬರೆದುದು ಇಷ್ಟು: ಈ ಕಾಲೇಜು ನನ್ನ ಮೊದಲ ಆಯ್ಕೆ, ನಮ್ಮ ಕುಟುಂಬ ವರ್ಷಕ್ಕೆ ಇಷ್ಟು ಹಣವನ್ನು ಹೊಂದಿಸಬಲ್ಲದು, ಉಳಿದುದಕ್ಕೆ ನೆರವು ದೊರೆತರೆ ಬೇರೆಲ್ಲಿಗೂ ಹೋಗದೆ ಬರುತ್ತೇನೆ. ಮೇ ಕೊನೆಯಲ್ಲಿ ಎಚ್.ಎಸ್.ಸಿ. ಫಲಿತಾಂಶ ಬಂದಾಗ ಅದನ್ನೂ ಕಳುಹಿಸಿದಳು. ಶಾಲೆಯವರು ಊಹಿಸಿದುದಕ್ಕಿಂತ ಅಂಕಗಳು ಹೆಚ್ಚೇ ಇದ್ದವು.

ಇದರಿಂದ ಅವಳ ಅವಕಾಶ ಕಡಿಮೆಯಾಗಿರಬಹುದೆಂದು ವಾಚಕರು ಹೇಳಿದರೆ ನಾನು ವಾದಿಸುವುದಿಲ್ಲ. ಪೂರ್ಣ ಶುಲ್ಕ ಕೊಡಬಲ್ಲವರು ಹಾಗೆಂದು ಸ್ಪಷ್ಟವಾಗಿ ಬರೆಯುವುದರಿಂದ ಅವರಿಗೆ ಅನುಕೂಲವಾಗುತ್ತದೆ. ಅದು ನಿಜವಾದರೆ ಬರೆಯಲೂಬೇಕು. ನಿಜವಲ್ಲದಾಗ ಬರೆದರೆ ಮೊದಲ ಕಂತಿನಲ್ಲಿಯೇ ಅದು ಬಯಲಾಗುತ್ತದೆ. ಮಾತ್ರವಲ್ಲ, ಪ್ರವೇಶ ಕೇಳುವಾಗ ನೆರವು ಬೇಡವೆಂದ ಪರದೇಶದ ವಿದ್ಯಾರ್ಥಿಗೆ ಮುಂದಿನ ವರ್ಷಗಳಲ್ಲಿ ನೆರವು ಕೊಡದ ಕಾಲೇಜುಗಳು ಹಲವುಂಟು. ನಾಲ್ಕು ವರ್ಷದ ಸಾಲವನ್ನು ಒಂದು ವಾಕ್ಯದ ಮೇಲೆ ಕಟ್ಟಬಾರದು.

೭. ಮಾಡಬಾರದ ಕೆಲಸಗಳು

ಪ್ರವೇಶ ಕಚೇರಿಗೆ ವಾರವಾರವೂ ಫೋನು ಮಾಡುವುದು, ಉಡುಗೊರೆ ಕಳುಹಿಸುವುದು, ಕರೆಯದೆ ಅಲ್ಲಿಗೇ ಹೋಗಿ ನಿಲ್ಲುವುದು, ಇವು ಅವಕಾಶವನ್ನು ಹೆಚ್ಚಿಸುವುದಿಲ್ಲ. ನಮ್ಮ ನಗರಗಳಲ್ಲಿ ದೊಡ್ಡ ಶುಲ್ಕ ಪಡೆದು ಪಟ್ಟಿಯಿಂದ ಪಾರುಮಾಡಿಸುವೆವೆಂದು ಭರವಸೆ ಕೊಡುವ ಸಲಹೆಗಾರರಿದ್ದಾರೆ. ಯಾರಿಗೆ ಕರೆ ಎಂಬುದು ಕಾಲೇಜಿಗೇ ಮೇ ತಿಂಗಳವರೆಗೆ ತಿಳಿಯದಿರುವಾಗ ಇವರಿಗೆ ಏಪ್ರಿಲಿನಲ್ಲಿಯೇ ತಿಳಿದಿರುವುದು ಸಾಧ್ಯವಿಲ್ಲ.

ವಶೀಲಿಯ ದಾರಿ ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಅಮೆರಿಕದಲ್ಲಿಯೇ ಎರಡು ನಿದರ್ಶನಗಳಿವೆ. ೨೦೦೯ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರಾಜಕಾರಣಿಗಳ ಮತ್ತು ವಿಶ್ವಸ್ತರ ಶಿಫಾರಸು ಪಡೆದ ಅರ್ಜಿದಾರರಿಗೆ ಒಂದು ಪ್ರತ್ಯೇಕ ಪಟ್ಟಿಯೇ ಇದ್ದುದನ್ನು ಶಿಕಾಗೋ ಟ್ರಿಬ್ಯೂನ್ ಪತ್ರಿಕೆ ಬಯಲಿಗೆಳೆಯಿತು. ವಿಶ್ವವಿದ್ಯಾಲಯದ ಅಧ್ಯಕ್ಷರು ರಾಜೀನಾಮೆ ಕೊಡಬೇಕಾಯಿತು. ೨೦೧೯ರ ಮಾರ್ಚಿನಲ್ಲಿ ಬೆಳಕಿಗೆ ಬಂದ ಇನ್ನೊಂದು ಪ್ರಕರಣದಲ್ಲಿ, ವಿಲಿಯಂ ಸಿಂಗರ್ ಎಂಬ ಸಲಹೆಗಾರನು ಶ್ರೀಮಂತ ತಂದೆತಾಯಿಗಳಿಂದ ಹಣ ಪಡೆದು, ಪರೀಕ್ಷೆಯಲ್ಲಿ ವಂಚನೆ ಮಾಡಿಸಿ, ಆಡದ ಆಟದಲ್ಲಿ ಆಟಗಾರರೆಂದು ತೋರಿಸಿ ಮಕ್ಕಳನ್ನು ಸೇರಿಸುತ್ತಿದ್ದುದು ಸಿದ್ಧವಾಯಿತು. ಐವತ್ತಕ್ಕೂ ಮಿಕ್ಕ ಜನರ ಮೇಲೆ ಆರೋಪ ಬಂತು. ಹಲವು ತಂದೆತಾಯಿಗಳು ಸೆರೆಮನೆಯನ್ನು ಕಂಡರು. ಸಿಂಗರನಿಗೆ ೨೦೨೩ರಲ್ಲಿ ಮೂರೂವರೆ ವರ್ಷಗಳ ಶಿಕ್ಷೆಯಾಯಿತು. ಪಾಳಿಯಿಲ್ಲದ ಪದ್ಧತಿಯಲ್ಲಿ ವಿವೇಚನೆಗೆ ಅವಕಾಶವುಂಟು. ವಿವೇಚನೆಗೆ ಅವಕಾಶವಿರುವಲ್ಲಿ ಅಪಚಾರಕ್ಕೂ ಎಡೆಯುಂಟು. ಇದು ಆ ಪದ್ಧತಿಯ ದೋಷವೇ ಸರಿ. ಆದರೆ ಆ ದೋಷದ ಲಾಭ ಪಡೆಯಹೋಗುವುದು ನಮ್ಮ ಮಕ್ಕಳಿಗೆ ಕೊಡುವ ಮೊದಲ ಪಾಠವಾಗಬಾರದು.

೮. ಕಾಲದ ಮಿತಿ

ಪಟ್ಟಿಯ ಚಲನೆ ಹೆಚ್ಚಾಗಿ ಮೇ ತಿಂಗಳಲ್ಲಿ ಆರಂಭವಾಗಿ ಜೂನ್‌ವರೆಗೆ, ಕೆಲವೆಡೆ ಜುಲೈವರೆಗೂ ನಡೆಯುತ್ತದೆ. ಒಂದು ಕಾಲೇಜು ತನ್ನ ಪಟ್ಟಿಯಿಂದ ಕರೆದವನು ಬೇರೊಂದು ಕಾಲೇಜಿನಲ್ಲಿ ಸ್ಥಳವನ್ನು ತೆರವುಮಾಡುತ್ತಾನೆ. ಅಲ್ಲಿಯ ಪಟ್ಟಿ ತೆರೆಯುತ್ತದೆ. ಹೀಗೆ ಸರಪಣಿ ಎಳೆದಂತೆ ಇದು ಸಾಗುತ್ತದೆ. ಮೇ ೧ರ ಅನಂತರ ಬೇರೆಡೆ ಸೇರಲೊಪ್ಪಿದವರನ್ನು ಸೆಳೆಯಬಾರದೆಂಬ ನಿಯಮವೊಂದು ನ್ಯಾಕಾಕ್ ಸಂಘದ ನೀತಿಸಂಹಿತೆಯಲ್ಲಿ ಇತ್ತು. ಅದು ಮುಕ್ತ ಸ್ಪರ್ಧೆಗೆ ವಿರುದ್ಧವೆಂದು ಅಲ್ಲಿಯ ನ್ಯಾಯಖಾತೆ ಆಕ್ಷೇಪಿಸಿದುದರಿಂದ ೨೦೧೯ರಲ್ಲಿ ಅದನ್ನು ತೆಗೆದುಹಾಕಲಾಯಿತು. ಅಂದಿನಿಂದ ಬೇಸಗೆಯ ಚಲನೆಯನ್ನು ಮುಂದಾಗಿ ಊಹಿಸುವುದು ಇನ್ನಷ್ಟು ಕಷ್ಟವಾಗಿದೆ.

ನಮ್ಮವರಿಗೆ ಇದರೊಡನೆ ವೀಸಾದ ತೊಡಕೂ ಇದೆ. ಕಾಲೇಜು ಪ್ರವೇಶವಿತ್ತ ಮೇಲೆ ಹಣದ ದಾಖಲೆಗಳನ್ನು ನೋಡಿ ಐ-೨೦ ಎಂಬ ಪತ್ರವನ್ನು ಕೊಡಬೇಕು. ಅದರ ಮೇಲೆ ಎಫ್-೧ ವೀಸಾಕ್ಕೆ ಶುಲ್ಕ ಕಟ್ಟಿ, ಸಂದರ್ಶನದ ದಿನವನ್ನು ಪಡೆಯಬೇಕು. ಜುಲೈಯಲ್ಲಿ ಕರೆ ಬಂದು ಆಗಸ್ಟ್ ಕೊನೆಯಲ್ಲಿ ತರಗತಿ ಆರಂಭವಾಗುವುದಾದರೆ ಉಳಿಯುವ ಕಾಲ ಅತ್ಯಲ್ಪ. ೨೦೨೫ರ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಅಮೆರಿಕ ಸರಕಾರವು ವಿದ್ಯಾರ್ಥಿಗಳ ಹೊಸ ಸಂದರ್ಶನಗಳನ್ನು ಗೊತ್ತುಮಾಡುವುದನ್ನೇ ನಿಲ್ಲಿಸಿದಾಗ ಅನೇಕರು ಕಂಗಾಲಾದರು. ಹೀಗಾಗಿ ಪಾಸ್‌ಪೋರ್ಟು, ಬ್ಯಾಂಕಿನ ಪ್ರಮಾಣಪತ್ರ, ಸಾಲದ ಮಂಜೂರಾತಿಗಳನ್ನು ಮುಂಗಡ ಕಟ್ಟಿದ ಕಾಲೇಜಿನ ಹೆಸರಿನಲ್ಲಿ ಮೊದಲೇ ಸಿದ್ಧಪಡಿಸಿರಬೇಕು. ಕರೆ ಬಂದರೆ ಹೆಸರನ್ನು ಬದಲಿಸಿಕೊಳ್ಳಬಹುದು. ಇಂತಿಷ್ಟು ದಿನದ ಮೇಲೆ ಕರೆ ಬಂದರೂ ಒಪ್ಪುವುದಿಲ್ಲವೆಂದು ಮನೆಯವರೆಲ್ಲ ಕೂಡಿ ಒಂದು ದಿನವನ್ನು ಗೊತ್ತುಮಾಡಿಕೊಳ್ಳುವುದು ವಿವೇಕ.

ಬಾಗಿಲು ಅಲ್ಲಿಗೇ ಮುಚ್ಚುವುದಿಲ್ಲವೆಂಬುದನ್ನೂ ನೆನಪಿಡಬೇಕು. ವರ್ಮಾಂಟ್ ಸಂಸ್ಥಾನದ ಮಿಡ್ಲ್‌ಬರಿ ಕಾಲೇಜಿನಂತೆ ಫೆಬ್ರವರಿಯಲ್ಲಿ ಒಂದು ತಂಡವನ್ನು ಸೇರಿಸಿಕೊಳ್ಳುವ ಸಂಸ್ಥೆಗಳಿವೆ. ಒಂದು ಕಾಲೇಜಿನಲ್ಲಿ ಒಂದೆರಡು ವರ್ಷ ಓದಿ ಮತ್ತೊಂದಕ್ಕೆ ವರ್ಗವಾಗುವುದು ಅಲ್ಲಿ ನಮ್ಮಲ್ಲಿಗಿಂತ ಬಹಳ ಸಾಮಾನ್ಯ.

ಜುಲೈ ಮೊದಲ ವಾರದಲ್ಲಿ ಆ ಕಾಲೇಜಿನಿಂದ ಎರಡು ಸಾಲಿನ ಉತ್ತರ ಬಂತು: ಈ ವರ್ಷ ಪಟ್ಟಿಯನ್ನು ಮುಚ್ಚಲಾಗಿದೆ. ನನ್ನ ತಂಗಿ ಆ ದಿನ ಅಡುಗೆ ಮಾಡಲಿಲ್ಲ. ತಂದೆ ನನ್ನೊಡನೆ ಒಂದು ವಾರ ಮಾತನಾಡಲಿಲ್ಲ. ಮಾದರಿ ಪತ್ರದ ಕೊನೆಯ ಸಾಲು ಅವರ ಮನಸ್ಸಿನಲ್ಲಿ ಇತ್ತೆಂಬುದು ನನಗೆ ಗೊತ್ತಿತ್ತು. ಹುಡುಗಿ ಮಾತ್ರ ಮರುದಿನ ಬೆಳಗ್ಗೆ, ಏಪ್ರಿಲಿನಲ್ಲಿ ಮುಂಗಡ ಕಟ್ಟಿದ್ದ ಕಾಲೇಜಿನ ಪಾಠಪಟ್ಟಿಯನ್ನು ಹಿಡಿದುಕೊಂಡು ಬಂದಳು. ಮೊದಲ ಅವಧಿಗೆ ಯಾವ ನಾಲ್ಕು ವಿಷಯಗಳನ್ನು ಆರಿಸಬೇಕೆಂದು ಅವಳು ಗುರುತು ಹಾಕಿದ್ದಳು. ಆಗಸ್ಟಿನಲ್ಲಿ ಅವಳನ್ನು ವಿಮಾನ ನಿಲ್ದಾಣಕ್ಕೆ ಕಳುಹಿಸಲು ಹೋದಾಗ ತಂದೆಯೇ ನನ್ನ ಕೈಯಲ್ಲಿ ಅವಳ ದಾಖಲೆಗಳ ಚೀಲವನ್ನು ಕೊಟ್ಟು, "ಭಾವನವರೆ, ಒಮ್ಮೆ ಎಣಿಸಿಬಿಡಿರಿ" ಎಂದರು.

ಸಂಘದ ಸದಸ್ಯರಲ್ಲಿ ಒಂದು ವಿಜ್ಞಾಪನೆಯಿಂದ ಈ ಲೇಖನವನ್ನು ಮುಗಿಸುತ್ತೇನೆ. ನಮ್ಮ ಮಕ್ಕಳು ಅರ್ಜಿ ಹಾಕುವ ಮುಖ್ಯವಾದ ಇಪ್ಪತ್ತು ಮೂವತ್ತು ಕಾಲೇಜುಗಳ ಕಳೆದ ಐದು ವರ್ಷಗಳ ಪಟ್ಟಿಯ ಲೆಕ್ಕವನ್ನು ಸಂಗ್ರಹಿಸಿ, ಪ್ರತಿವರ್ಷ ಫೆಬ್ರವರಿಯಲ್ಲಿ ನಮ್ಮ ವಾಚನಾಲಯದ ಮೇಜಿನ ಮೇಲೆ ಇಡುವುದು ಇಬ್ಬರು ಮೂವರು ಸೇರಿದರೆ ಆಗುವ ಕೆಲಸ. ಅಲ್ಲಿ ಓದಿಬಂದ ತರುಣರು ವರ್ಷಕ್ಕೊಂದು ಸಂಜೆ ಬಂದು ಕುಳಿತು ಮಕ್ಕಳ ಪತ್ರಗಳನ್ನು ಓದಿ ಸಲಹೆಯಿತ್ತರೆ ಇನ್ನೂ ಒಳ್ಳೆಯದು. ಅಂಕಿಗಳನ್ನು ಕೂಡಿಸುವ ಭಾಗವನ್ನು ನಾನು ವಹಿಸಿಕೊಳ್ಳಲು ಸಿದ್ಧನಿದ್ದೇನೆ.